ಮನೆ ಕಂದಾಯ ಇಳಿಸಿ ಅಂಗಡಿ ತೆರಿಗೆಯಿಂದ ಶಾಲೆ ನಡೆಸೋದು: ಮಿಷಿಗನ್ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜುಲೈಯಲ್ಲಿ ಬೇಸಿಗೆ ಕಂದಾಯದ ಬಿಲ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಕನ್ನಡ ಕೂಟದ ಪಿಕ್ನಿಕ್‌ನಲ್ಲೂ ಅದೇ ಮಾತು. ಬಿಸಿಬೇಳೆಬಾತ್ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ "ಅಲ್ಲ ಸಾರ್, ಶಾಲೆಗೆ ಸೇಲ್ಸ್ ಟ್ಯಾಕ್ಸ್‌ನಿಂದ ದುಡ್ಡು ಹೋಗುತ್ತೆ ಅಂತಾರೆ, ಮತ್ತೆ ಈ ಬಿಲ್ ಯಾಕೆ ಇಷ್ಟು?" ಅಂತ ಶುರುವಾಗುತ್ತದೆ. ನಾನು ವಕೀಲನಲ್ಲ, ಲೆಕ್ಕಪರಿಶೋಧಕನೂ ಅಲ್ಲ. ಇಲ್ಲಿ ಮನೆ ಕೊಂಡು, ದುಡ್ಡು ಕಟ್ಟಿ ಕಟ್ಟಿ ಕಲಿತವನು. ಒಂದೇ ಉತ್ತರ ಹತ್ತು ಸಲ ಹೇಳುವ ಬದಲು ಬರೆದಿಟ್ಟಿದ್ದೇನೆ.

ಮನೆ ಕಂದಾಯಕ್ಕೂ ಶಾಲೆಗೂ ಏನು ಸಂಬಂಧ? ನಮ್ಮ ಕಡೆ ಹಾಗಿಲ್ವಲ್ಲ?

ನಮ್ಮ ಕಡೆ ನಿಜವಾಗಿಯೂ ಹಾಗಿಲ್ಲ. ಊರಿನಲ್ಲಿ ಮನೆ ಕಂದಾಯ ಹೋಗುವುದು ಪಂಚಾಯ್ತಿಗೆ ಅಥವಾ ಪುರಸಭೆಗೆ. ಬೆಂಗಳೂರಿನ ರಸೀದಿ ತೆಗೆದು ನೋಡಿದರೆ ಗ್ರಂಥಾಲಯ ಸೆಸ್ ಇದೆ, ಭಿಕ್ಷುಕರ ಸೆಸ್ ಕೂಡ ಇದೆ. ಆದರೆ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಊರಿನಲ್ಲಿ ಬಂಗಲೆಗಳಿದ್ದರೂ ಗುಡಿಸಲುಗಳಿದ್ದರೂ ಮೇಷ್ಟ್ರ ಸಂಬಳದ ಸ್ಕೇಲ್ ಒಂದೇ.

ಅಮೆರಿಕದಲ್ಲಿ ಶಾಲೆ ಊರಿನ ಸೊತ್ತು. ಬಹುಪಾಲು ಶಾಲಾ ಜಿಲ್ಲೆಗಳಿಗೆ ತಮ್ಮದೇ ಚುನಾಯಿತ ಮಂಡಳಿ ಇದೆ, ತಮ್ಮದೇ ಗಡಿ ಇದೆ, ತೆರಿಗೆ ಹಾಕುವ ಅಧಿಕಾರವೂ ಇದೆ. ಆ ತೆರಿಗೆ ಬೀಳುವುದು ಗಡಿಯೊಳಗಿನ ಮನೆ, ಅಂಗಡಿ, ಫ್ಯಾಕ್ಟರಿಗಳ ಮೇಲೆ. ಅದನ್ನು ಅಳೆಯುವ ಲೆಕ್ಕದ ಹೆಸರು ಮಿಲ್. ಆಸ್ತಿಯ ತೆರಿಗೆ ಮೌಲ್ಯದಲ್ಲಿ ಪ್ರತಿ 1,000 ಡಾಲರ್‌ಗೆ 1 ಡಾಲರ್ ಅಂದರೆ ಒಂದು ಮಿಲ್. ಇನ್ನೊಂದು ವಿಷಯ ಸೇರಿಸಿಕೊಳ್ಳಿ: ಮಿಷಿಗನ್‌ನಲ್ಲಿ ಆಸ್ತಿಯನ್ನು ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಲೆಕ್ಕ ಹಾಕುತ್ತಾರೆ. 3 ಲಕ್ಷ ಡಾಲರ್ ಮನೆಯ ಲೆಕ್ಕ ಶುರುವಾಗುವುದು ಒಂದೂವರೆ ಲಕ್ಷದಿಂದ.

ಹಳೇ ಪದ್ಧತಿಯಲ್ಲಿ ತೊಂದರೆ ಏನಿತ್ತು?

ಎರಡು ತೊಂದರೆ. ಮನೆಯವರಿಗೆ ಬಿಲ್ ಭಾರ. ಮಕ್ಕಳಿಗೆ ಅನ್ಯಾಯ.

ಬಿಲ್ಲಿನ ಕಥೆ ಮೊದಲು. 1993ರಲ್ಲಿ ಶಾಲೆ ನಡೆಸುವ ಖರ್ಚಿಗೆ ಅಂತಲೇ ರಾಜ್ಯದ ಸರಾಸರಿ ಸುಮಾರು 34 ಮಿಲ್ ಇತ್ತು. ತೆರಿಗೆ ಮೌಲ್ಯ 50,000 ಡಾಲರ್ ಇದ್ದ ಸಾಧಾರಣ ಮನೆಗೆ ವರ್ಷಕ್ಕೆ 1,700 ಡಾಲರ್. ಅದು ಶಾಲೆಗೆ ಮಾತ್ರ. ನಗರಕ್ಕೆ, ಕೌಂಟಿಗೆ ಬೇರೆ. ಕೆಲಸದಲ್ಲಿ ಇದ್ದವರು ಹೇಗೋ ಕಟ್ಟುತ್ತಿದ್ದರು. ಕಾರ್ ಫ್ಯಾಕ್ಟರಿಯಿಂದ ನಿವೃತ್ತಿಯಾಗಿ ಪಿಂಚಣಿಯಲ್ಲಿ ಬದುಕುವವರಿಗೆ ಮನೆ ಬೆಲೆ ಏರಿದಷ್ಟೂ ಸಂಕಟ. ಬೆಲೆ ಏರಿತು ಅಂತ ಜೇಬಿಗೇನೂ ಬರುವುದಿಲ್ಲ, ಬಿಲ್ ಮಾತ್ರ ಬರುತ್ತದೆ.

ಇನ್ನು ಮಕ್ಕಳ ಕಥೆ. ದೊಡ್ಡ ಮನೆಗಳ ಬ್ಲೂಮ್‌ಫೀಲ್ಡ್ ಹಿಲ್ಸ್‌ನಂಥ ಕಡೆ ಒಂದು ಮಗುವಿಗೆ ವರ್ಷಕ್ಕೆ ಖರ್ಚು ಮಾಡುತ್ತಿದ್ದ ಹಣ, ಉತ್ತರದ ಬಡ ಹಳ್ಳಿ ಜಿಲ್ಲೆಗಳಿಗಿಂತ ಸುಮಾರು ಮೂರು ಪಟ್ಟು. ಬಡ ಊರಿನವರು ಕಡಿಮೆ ದರದಲ್ಲಿ ಕಟ್ಟುತ್ತಿದ್ದರು ಅಂತಲ್ಲ. ಎಷ್ಟೋ ಕಡೆ ಅವರ ಮಿಲ್ ದರವೇ ಜಾಸ್ತಿ. ಮೌಲ್ಯವೇ ಇಲ್ಲದ ಊರಲ್ಲಿ ಎಷ್ಟು ಮಿಲ್ ಹಿಂಡಿದರೂ ಎಷ್ಟು ಬಂದೀತು?

ಕೊನೆಗೆ ಕಟ್ಟೆ ಒಡೆದದ್ದು ಕಲ್ಕಾಸ್ಕ ಅನ್ನುವ ಸಣ್ಣ ಊರಲ್ಲಿ. ಅಲ್ಲಿಯ ಮತದಾರರು ತೆರಿಗೆ ಏರಿಸಲು ಮತ್ತೆ ಮತ್ತೆ ಬೇಡ ಅಂದರು. ಶಾಲಾ ಮಂಡಳಿ 1993ರ ಮಾರ್ಚ್‌ನಲ್ಲಿ ಇಡೀ ಜಿಲ್ಲೆಯ ಶಾಲೆಗಳಿಗೆ ಬೀಗ ಹಾಕಿತು. ವರ್ಷ ಮುಗಿಯಲು ಇನ್ನೂ ಹತ್ತು ವಾರ ಬಾಕಿ ಇತ್ತು. ದುಡ್ಡಿಲ್ಲ, ಅಷ್ಟೆ. ದೇಶದ ಟಿವಿಗಳೆಲ್ಲ ಅಲ್ಲಿಗೆ ಹೋದವು.

1993ರ ಜುಲೈಯಲ್ಲಿ ಒಂದೇ ರಾತ್ರಿಗೆ ತೆರಿಗೆ ರದ್ದು ಮಾಡಿದರು ಅಂತಾರೆ. ನಿಜಾನಾ?

ನಿಜ. ಕಥೆ ಸ್ವಲ್ಪ ತಮಾಷೆಯಾಗಿಯೂ ಇದೆ.

ಗವರ್ನರ್ ಜಾನ್ ಎಂಗ್ಲರ್, ರಿಪಬ್ಲಿಕನ್. ಕಂದಾಯ ಇಳಿಸುತ್ತೇನೆ ಅಂತ ಹೇಳಿಯೇ ಗೆದ್ದವರು. ಇಳಿಸಿದರೆ ಶಾಲೆಗೆ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಗೆ ಪ್ರತಿ ಸಲ ಮಾತು ಮುರಿಯುತ್ತಿತ್ತು. ಜೂನ್‌ನಲ್ಲಿ ಜನರ ಮುಂದಿಟ್ಟ ಒಂದು ಸೂತ್ರವೂ ಬಿದ್ದುಹೋಯಿತು. ಜುಲೈಯಲ್ಲಿ ಕಂದಾಯ ಇಳಿಸುವ ಇನ್ನೊಂದು ಮಸೂದೆ ಸೆನೆಟ್‌ಗೆ ಬಂತು. ಆಗ ಡೆಮಾಕ್ರಟಿಕ್ ಸೆನೆಟರ್ ಡೆಬಿ ಸ್ಟಾಬೆನೋ ಎದ್ದು, ಸ್ವಲ್ಪ ಸ್ವಲ್ಪ ಯಾಕೆ, ಶಾಲೆ ನಡೆಸಲು ಹಾಕುವ ಸ್ಥಳೀಯ ಕಂದಾಯವನ್ನು ಪೂರ್ತಿ ತೆಗೆಯೋಣ ಅಂತ ತಿದ್ದುಪಡಿ ಇಟ್ಟರು. ಅದು ಪಣವೋ ಸವಾಲೋ ಅನ್ನುವ ಚರ್ಚೆ ಇವತ್ತಿಗೂ ಇದೆ. ಎದುರು ಪಕ್ಷ ಹಿಂಜರಿಯಲಿಲ್ಲ. ಸೆನೆಟ್ ಒಪ್ಪಿತು, ಕೆಳಮನೆ ಒಪ್ಪಿತು, ಗವರ್ನರ್ ಸಹಿ ಹಾಕಿದರು. 600 ಕೋಟಿ ಡಾಲರ್‌ಗಿಂತ ಜಾಸ್ತಿ ಶಾಲಾ ಹಣ ಹೋಯಿತು. ಬದಲಿಗೆ ಏನು ಅಂತ ಯಾರೂ ಬರೆದಿರಲಿಲ್ಲ.

ಹಳೇ ಮನೆ ಕೆಡವಿ ಆಮೇಲೆ ಹೊಸ ಮನೆಯ ನಕ್ಷೆ ಬರೆಸೋಕೆ ಹೊರಟ ಹಾಗೆ. ನಕ್ಷೆ ಮುಗಿದದ್ದು ಡಿಸೆಂಬರ್ 24ಕ್ಕೆ, ಕ್ರಿಸ್‌ಮಸ್ ಹಿಂದಿನ ದಿನ, ರಾತ್ರಿಯಿಡೀ ಸದನ ನಡೆಸಿ.

ಪ್ರೊಪೋಸಲ್ ಎ ಅಂದರೆ ಅದೇನಾ?

ಅದೇ. ಆ ಹೊಸ ನಕ್ಷೆಯನ್ನು ಜನರ ಮತಕ್ಕೆ ಇಟ್ಟಾಗಿನ ಹೆಸರು ಅದು. 1994ರ ಮಾರ್ಚ್ 15ರಂದು ಜನ ಮತ ಹಾಕಿದರು. ಸುಮಾರು ಶೇ 69 ಜನ ಹೌದು ಅಂದರು. ಬದಲಾದದ್ದು ಇಷ್ಟು: ಸೇಲ್ಸ್ ಟ್ಯಾಕ್ಸ್ ಶೇ 4ರಿಂದ ಶೇ 6ಕ್ಕೆ ಏರಿತು. ಸಿಗರೇಟ್ ಪ್ಯಾಕಿನ ತೆರಿಗೆ 25 ಸೆಂಟ್‌ನಿಂದ 75 ಸೆಂಟ್‌ಗೆ ಏರಿತು. ಆದಾಯ ತೆರಿಗೆ ಶೇ 4.6ರಿಂದ 4.4ಕ್ಕೆ ಇಳಿಯಿತು. ಎಲ್ಲಾ ಆಸ್ತಿಗೂ ರಾಜ್ಯವೇ ಹಾಕುವ 6 ಮಿಲ್ ಶಿಕ್ಷಣ ತೆರಿಗೆ ಬಂತು. ಸ್ವಂತ ವಾಸದ ಮನೆ ಅಲ್ಲದ ಆಸ್ತಿಗೆ, ಅಂದರೆ ಅಂಗಡಿ, ಫ್ಯಾಕ್ಟರಿ, ಬಾಡಿಗೆ ಮನೆ, ಕೆರೆ ಪಕ್ಕದ ರಜಾ ಮನೆಗಳಿಗೆ, ಅದರ ಮೇಲೆ ಇನ್ನೂ 18 ಮಿಲ್.

ಒಂದು ಸೂಕ್ಷ್ಮ ಇದೆ. ಜನರ ಮುಂದೆ 'ಹೌದು' ಮತ್ತು 'ಮೊದಲಿನಂತೆ' ಅನ್ನುವ ಎರಡು ದಾರಿ ಇರಲಿಲ್ಲ. ಬೇಡ ಅಂದರೆ ಆದಾಯ ತೆರಿಗೆ ಶೇ 6ಕ್ಕೆ ಏರುವ ಇನ್ನೊಂದು ಯೋಜನೆ ತನ್ನಷ್ಟಕ್ಕೆ ಜಾರಿಗೆ ಬರುತ್ತಿತ್ತು. ಸಂಬಳದಲ್ಲಿ ಕಡಿಯಲಾ, ಅಂಗಡಿಯಲ್ಲಿ ಕಡಿಯಲಾ ಅಂತ ಕೇಳಿದ ಹಾಗಾಯಿತು. ಜನ ಅಂಗಡಿ ಅಂದರು. ನನಗೆ ಆಶ್ಚರ್ಯ ಇಲ್ಲ. ನೂರು ಸಲ ಆರಾರು ಸೆಂಟ್ ಹೋದರೆ ನೋವಾಗುವುದಿಲ್ಲ. ವರ್ಷಕ್ಕೊಮ್ಮೆ ಸಾವಿರದ ಏಳುನೂರು ಡಾಲರ್ ಚೆಕ್ ಬರೆದವನಿಗೆ ಗೊತ್ತು.

ಹಾಗಾದರೆ ನನ್ನ ಕಂದಾಯದಲ್ಲಿ ಶಾಲೆಗೆ ಈಗ ಏನೂ ಹೋಗಬಾರದು ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. ಶಾಲೆಯ ದಿನನಿತ್ಯದ ಖರ್ಚಿಗೆ ನಿಮ್ಮ ವಾಸದ ಮನೆಯಿಂದ ಹೋಗುವುದು ಆ 6 ಮಿಲ್ ಮಾತ್ರ. ಅದು ರಾಜ್ಯದ ಶಾಲಾ ನಿಧಿಗೆ ಹೋಗಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ಆದರೆ ಕಟ್ಟಡ ಕಟ್ಟಲು ಎತ್ತಿದ ಸಾಲ ತೀರಿಸುವ ಮಿಲ್ ಬೇರೆ, ರಿಪೇರಿ ನಿಧಿಯ ಮಿಲ್ ಬೇರೆ, ಜಿಲ್ಲೆಗಳ ಒಕ್ಕೂಟದ ಮಿಲ್ ಬೇರೆ. ಅವೆಲ್ಲ ಇವತ್ತಿಗೂ ಮನೆಯ ಮೇಲೆಯೇ ಇವೆ. 1994ರ ಮೊದಲೇ ಜಾಸ್ತಿ ಖರ್ಚು ಮಾಡುತ್ತಿದ್ದ ಐವತ್ತರಷ್ಟು ಶ್ರೀಮಂತ ಜಿಲ್ಲೆಗಳಿಗೆ, ಬರ್ಮಿಂಗ್‌ಹ್ಯಾಮ್, ಬ್ಲೂಮ್‌ಫೀಲ್ಡ್ ಹಿಲ್ಸ್ ಥರದವಕ್ಕೆ, ಮನೆಗಳ ಮೇಲೂ ಸ್ವಲ್ಪ ಹೆಚ್ಚುವರಿ ಮಿಲ್ ಹಾಕಿಕೊಳ್ಳಲು ಬಿಟ್ಟರು. ಅವರ ಖರ್ಚು ಒಮ್ಮೆಲೇ ಬೀಳಬಾರದು ಅಂತ.

ಹಾಗಾಗಿ 'ಕಂದಾಯ ತೆಗೆದು ಸೇಲ್ಸ್ ಟ್ಯಾಕ್ಸ್ ಹಾಕಿದರು' ಅನ್ನುವ ಮಾತು ಅರ್ಧ ಸತ್ಯ. ಮೇಷ್ಟ್ರ ಸಂಬಳ ಅಂಗಡಿಗೆ ಹೋಯಿತು, ಶಾಲೆಯ ಸೂರು ಮನೆಯ ಮೇಲೇ ಉಳಿಯಿತು.

ಅಂಗಡಿಯಲ್ಲಿ ನಾನು ಕೊಡುವ 6 ಸೆಂಟ್‌ನಲ್ಲಿ ಶಾಲೆಗೆ ಎಷ್ಟು?

4.4 ಸೆಂಟ್. ಹಳೇ 4 ಸೆಂಟ್‌ನಲ್ಲಿ ಶೇ 60, ಅಂದರೆ 2.4. ಹೊಸ 2 ಸೆಂಟ್ ಪೂರ್ತಿ. ಇದು ಬರೀ ಬಜೆಟ್ ಮಾತಲ್ಲ, ರಾಜ್ಯದ ಸಂವಿಧಾನದಲ್ಲೇ ಬರೆದಿದೆ.

ಇಂಡಿಯನ್ ಅಂಗಡಿಯ ಬಿಲ್ ಒಂದನ್ನು ಹಿಡಿದು ನೋಡಿ, ಚೆನ್ನಾಗಿ ಅರ್ಥವಾಗುತ್ತದೆ. ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಹುಣಸೆಹಣ್ಣು, ಕರಿಬೇವಿಗೆ ತೆರಿಗೆ ಇಲ್ಲ. ಮಿಷಿಗನ್‌ನಲ್ಲಿ ಅಡುಗೆ ಸಾಮಾನಿಗೂ ಡಾಕ್ಟರ್ ಬರೆದುಕೊಟ್ಟ ಔಷಧಿಗೂ ಸೇಲ್ಸ್ ಟ್ಯಾಕ್ಸ್ ಹಾಕುವ ಹಾಗಿಲ್ಲ. ಊದುಬತ್ತಿಗೆ ಉಂಟು. ಕುಕ್ಕರ್‌ಗೆ ಉಂಟು. ಮಕ್ಕಳ ಬಟ್ಟೆಗೂ ಉಂಟು. ಅದೇ ಅಂಗಡಿಯ ಮೂಲೆಯಲ್ಲಿ ಬಿಸಿ ಮಸಾಲೆದೋಸೆ ಹಾಕಿಸಿಕೊಂಡು ತಿಂದರೆ ಅದಕ್ಕೂ ಉಂಟು. ಹಿಟ್ಟು ತಂದು ಮನೆಯಲ್ಲಿ ಹೊಯ್ದುಕೊಂಡರೆ ಇಲ್ಲ!

ಮಗಳ ಭರತನಾಟ್ಯ ಕ್ಲಾಸಿನ ಫೀ, ಕ್ಷೌರ, ವಕೀಲರ ಫೀ, ಇಂಥ ಸೇವೆಗಳಿಗೆ ಬಹುಪಾಲು ತೆರಿಗೆ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವೆಲ್ಲ ಶಾಲೆಗೆ ಒಟ್ಟಿಗೆ ದೊಡ್ಡ ಮೊತ್ತ ಕೊಡುವುದು ಕಾರು ಕೊಂಡ ದಿನ. 30,000 ಡಾಲರ್ ಕಾರಿಗೆ ತೆರಿಗೆ 1,800. ಅದರಲ್ಲಿ 1,320 ಶಾಲೆಗೆ. ಡೀಲರ್ ಹತ್ತಿರ ಫ್ಲೋರ್ ಮ್ಯಾಟ್‌ಗೆ ಒಂದು ಗಂಟೆ ಚೌಕಾಸಿ ಮಾಡುತ್ತೇವೆ, ಈ ಸಾಲನ್ನು ಮಾತ್ರ ನೋಡುವುದೇ ಇಲ್ಲ.

ಸೇಲ್ಸ್ ಟ್ಯಾಕ್ಸ್ ಬಡವರಿಗೆ ಜಾಸ್ತಿ ಹೊರೆ ಅಲ್ವಾ?

ಹೌದು. ತಿಂಗಳಿಗೆ 3,000 ಡಾಲರ್ ದುಡಿಯುವವನು ಬಂದದ್ದನ್ನೆಲ್ಲ ಖರ್ಚು ಮಾಡಲೇಬೇಕು. 15,000 ದುಡಿಯುವವನು ಅರ್ಧ ಉಳಿಸಬಹುದು, ಉಳಿಸಿದ್ದಕ್ಕೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಅಡುಗೆ ಸಾಮಾನಿಗೆ ತೆರಿಗೆ ಇಲ್ಲದಿರುವುದರಿಂದ ಪೆಟ್ಟು ಸ್ವಲ್ಪ ಕಡಿಮೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಬಾಡಿಗೆ ಮನೆಯಲ್ಲಿ ಇರುವವರನ್ನು ನೋಡಿ. ಮಾಲೀಕನ ಕಂದಾಯ ಬಾಡಿಗೆಯೊಳಗೇ ಕೂತಿರುತ್ತದೆ. 1994ರಲ್ಲಿ ಸ್ವಂತ ಮನೆಯವರ ಶಾಲಾ ಮಿಲ್ 34ರಿಂದ 6ಕ್ಕೆ ಇಳಿಯಿತು, ಬಾಡಿಗೆ ಮನೆಯದ್ದು 24ಕ್ಕೆ ಮಾತ್ರ. ಸೇಲ್ಸ್ ಟ್ಯಾಕ್ಸ್ ಮಾತ್ರ ಇಬ್ಬರಿಗೂ ಒಂದೇ ಸಮ ಏರಿತು. ಬಾಡಿಗೆಯವರಿಗೆ ಲಾಭದಲ್ಲಿ ಸಣ್ಣ ಪಾಲು, ಹೊರೆಯಲ್ಲಿ ಪೂರ್ತಿ ಪಾಲು. ಈ ಸುಧಾರಣೆಯನ್ನು ನಾನು ಒಟ್ಟಾರೆ ಮೆಚ್ಚುತ್ತೇನೆ, ಆದರೆ ಇದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಮನೆ ಕೊಳ್ಳುವಾಗ ನೋಡಿದ ಕಂದಾಯವೇ ಬೇರೆ, ಈಗ ಬಂದಿರೋದೇ ಬೇರೆ. ತಪ್ಪಾಗಿದೆಯಾ?

ತಪ್ಪಾಗಿಲ್ಲ. ಇದು ಹೊಸದಾಗಿ ಮನೆ ಕೊಂಡ ಪ್ರತಿಯೊಬ್ಬ ಕನ್ನಡಿಗ ಬೀಳುವ ಗುಂಡಿ. ನಾನೂ ಬಿದ್ದವನೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1994ರ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅಂಶ ಇತ್ತು. ನಿಮ್ಮ ಆಸ್ತಿಯ ತೆರಿಗೆ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇ 5, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಬೆಲೆ ಎಷ್ಟೇ ಹಾರಲಿ. ಮಾಲೀಕ ಬದಲಾಗುವ ತನಕ ಈ ಮುಚ್ಚಳ ಇರುತ್ತದೆ. ಮಾರಿದ ಮರುವರ್ಷ ಮುಚ್ಚಳ ತೆಗೆದು, ಮೌಲ್ಯವನ್ನು ಆಗಿನ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ತಂದು ನಿಲ್ಲಿಸುತ್ತಾರೆ.

ನಾನು ಮನೆ ಕೊಂಡಾಗ ಹಿಂದಿನ ಮಾಲೀಕರು ಇಪ್ಪತ್ತು ವರ್ಷ ಅಲ್ಲೇ ಇದ್ದವರು. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿಯಲ್ಲಿ ಹೇಳುತ್ತೇನೆ. ಬೆಲೆ 3 ಲಕ್ಷ. ಅವರ ತೆರಿಗೆ ಮೌಲ್ಯ 90,000. ಎಲ್ಲಾ ಸೇರಿ 38 ಮಿಲ್ ಅಂದರೆ ವರ್ಷಕ್ಕೆ 3,420 ಡಾಲರ್. ಜಾಹೀರಾತಿನಲ್ಲಿ ಇದ್ದದ್ದೂ ಅದೇ ಅಂಕಿ, ಬ್ಯಾಂಕಿನವರು ಕಂತು ಕಟ್ಟಿದ್ದೂ ಅದರ ಮೇಲೆಯೇ. ಮರುವರ್ಷ ಮೌಲ್ಯ 1,50,000 ಆಯಿತು. ಕಂದಾಯ 5,700. ತಿಂಗಳಿಗೆ 190 ಡಾಲರ್ ವ್ಯತ್ಯಾಸ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ದಿನ ಬ್ಯಾಂಕಿನಿಂದ ಕಾಗದ ಬಂತು. ಕಂದಾಯಕ್ಕೆ ಅಂತ ತಿಂಗಳು ತಿಂಗಳು ಎತ್ತಿಡುವ ಖಾತೆಯಲ್ಲಿ ದುಡ್ಡು ಸಾಲುತ್ತಿಲ್ಲ, ಹೋದ ವರ್ಷದ ಕೊರತೆ ತುಂಬಬೇಕು, ಮುಂದಿನ ವರ್ಷದ್ದೂ ಸೇರಬೇಕು ಅಂತ. 190 ಅಲ್ಲ, ಒಂದು ವರ್ಷ 380 ಜಾಸ್ತಿ. ಹೆಂಡತಿ ಆ ಕಾಗದವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಆ ವರ್ಷ ಊರಿಗೆ ಹೋಗುವ ಟಿಕೆಟ್ ಬುಕ್ ಮಾಡಲಿಲ್ಲ.

ಪಕ್ಕದ ಮನೆ ನಮ್ಮದರ ಪಡಿಯಚ್ಚು. ಅಲ್ಲಿಯ ಅಜ್ಜ ನಾನು ಕಟ್ಟುವುದರ ಅರ್ಧಕ್ಕಿಂತ ಚೂರು ಜಾಸ್ತಿ ಕಟ್ಟುತ್ತಾನೆ. ನನಗೆ ಅವನ ಮೇಲೆ ಸಿಟ್ಟಿಲ್ಲ, ಆ ಮುಚ್ಚಳ ಇರುವುದೇ ಅಂಥವರಿಗೆ. ಆದರೆ ಹಳಬರಿಗೆ ಸಿಕ್ಕ ರಿಯಾಯಿತಿಯ ಒಂದು ಪಾಲನ್ನು ಹೊಸಬರು ತುಂಬುತ್ತಾರೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮವರು ಬಹುತೇಕ ಹೊಸಬರೇ.

ಮನೆ ನೋಡುವಾಗ ಇಷ್ಟು ಮಾಡಿ: ಕೊಳ್ಳುವ ಬೆಲೆಯನ್ನು ಅರ್ಧ ಮಾಡಿ, ಆ ಊರಿನ ಒಟ್ಟು ಮಿಲ್‌ನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ನಿಮ್ಮ ನಿಜವಾದ ಕಂದಾಯ ಹೆಚ್ಚುಕಡಿಮೆ ಅದು.

ಗಂಡನ ಹೆಸರಿನಿಂದ ಹೆಂಡತಿ ಹೆಸರಿಗೆ ಮಾಡಿದರೆ ಮುಚ್ಚಳ ಹೋಗುತ್ತಾ?

ಇಲ್ಲ.

ಕೆಲಸ ಬದಲಾಗಿ ಟೆಕ್ಸಸ್‌ಗೆ ಹೋಗ್ತಿದ್ದೇವೆ, ಮನೆ ಬಾಡಿಗೆಗೆ ಕೊಡ್ತೇವೆ. ಏನಾದರೂ ಬದಲಾಗುತ್ತಾ?

ಬದಲಾಗುತ್ತದೆ. ವಾಸದ ಮನೆ ಅನ್ನುವ ವಿನಾಯಿತಿ ಹೋಗಿ 18 ಮಿಲ್ ಸೇರುತ್ತದೆ. ತೆರಿಗೆ ಮೌಲ್ಯ 1 ಲಕ್ಷ ಇದ್ದರೆ ವರ್ಷಕ್ಕೆ 1,800 ಡಾಲರ್ ಜಾಸ್ತಿ. ಬಾಡಿಗೆ ನಿಗದಿ ಮಾಡುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಮನೆ ಬಿಟ್ಟ 90 ದಿನದೊಳಗೆ ವಿನಾಯಿತಿ ರದ್ದತಿ ಅರ್ಜಿ ಕೊಡಬೇಕು. ಕೊಡದೆ ಸುಮ್ಮನಿದ್ದು ಸಿಕ್ಕಿಬಿದ್ದರೆ ಹಿಂದಿನದ್ದೆಲ್ಲ ಬಡ್ಡಿ ಸಮೇತ ಬರುತ್ತದೆ.

ಇದರ ತಿರುವೂ ಇದೆ. ಹೊಸದಾಗಿ ಮನೆ ಕೊಂಡವರು ವಿನಾಯಿತಿ ಅರ್ಜಿ ಕೊಡುವುದನ್ನೇ ಮರೆಯುತ್ತಾರೆ. ಬೇಸಿಗೆ ಬಿಲ್ಲಿಗೆ ಜೂನ್ 1, ಚಳಿಗಾಲದ ಬಿಲ್ಲಿಗೆ ನವೆಂಬರ್ 1 ಕೊನೆ ದಿನ. ಒಂದು ಪುಟದ ಅರ್ಜಿ. ಮನೆ ನೋಂದಣಿ ದಿನ ಕೊಡುವ ಕಾಗದದ ಕಟ್ಟಿನಲ್ಲೇ ಇರುತ್ತದೆ, ಹುಡುಕಿ.

ನಾವು ಕಟ್ಟದ 18 ಮಿಲ್‌ಗೆ ನಮ್ಮನ್ನೇ ಮತ ಕೇಳ್ತಾರಲ್ಲ, ಯಾಕೆ?

ಆ 18 ಮಿಲ್ ಆಗಾಗ ಮತದಾರರ ಮುಂದೆ ಬಂದು ನವೀಕರಣ ಆಗಬೇಕು, ನಿಯಮ ಹಾಗಿದೆ. ಅದನ್ನು ಕಟ್ಟುವುದು ಅಂಗಡಿ, ಆಫೀಸು, ಬಾಡಿಗೆ ಆಸ್ತಿ. ಆದರೆ ಬ್ಯಾಲೆಟ್ ಓದಿದವರಿಗೆ ತಮ್ಮ ಮನೆಗೇ ಹೊಸ ತೆರಿಗೆ ಬಂತೇನೋ ಅನ್ನಿಸುತ್ತದೆ, ಬೇಡ ಅನ್ನುತ್ತಾರೆ. ಬೇಡ ಅಂದರೆ ಆ ದುಡ್ಡನ್ನು ರಾಜ್ಯ ತುಂಬಿಕೊಡುವುದಿಲ್ಲ. ಶಾಲೆಗೆ ಅಷ್ಟೂ ಖೋತಾ. ಮುಂದಿನ ಸಲ ಕೊನೆಯ ಸಾಲಿನ ತನಕ ಓದಿ ಗುರುತು ಹಾಕಿ.

ಬಡ ಊರು, ಶ್ರೀಮಂತ ಊರಿನ ಅಂತರ ಮುಚ್ಚಿತಾ?

ದಿನನಿತ್ಯದ ಖರ್ಚಿನಲ್ಲಿ ಬಹಳ ಮಟ್ಟಿಗೆ ಮುಚ್ಚಿತು. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. 1994–95ರಲ್ಲಿ ಯಾವ ಜಿಲ್ಲೆಗೂ ಮಗುವಿಗೆ 4,200 ಡಾಲರ್‌ಗಿಂತ ಕಡಿಮೆ ಇರಬಾರದು ಅಂತ ಮಾಡಿದರು, ಮೂಲ ಗುರಿ 5,000. ಕೆಳಗಿನವರಿಗೆ ಪ್ರತಿ ವರ್ಷ ಸ್ವಲ್ಪ ಜಾಸ್ತಿ, ಮೇಲಿನವರಿಗೆ ಸ್ವಲ್ಪ ಕಡಿಮೆ. ಕನಿಷ್ಠಕ್ಕೂ ಮೂಲ ಗುರಿಗೂ ಇದ್ದ ಅಂತರ ಪೂರ್ತಿ ಹೋದದ್ದು 2021–22ರಲ್ಲಿ, ಮಗುವಿಗೆ 8,700 ಡಾಲರ್ ಆದಾಗ. ಇಪ್ಪತ್ತೇಳು ವರ್ಷ! 1994ರಲ್ಲಿ ಒಂದನೇ ಕ್ಲಾಸು ಸೇರಿದ ಮಗುವಿಗೆ ಆ ಹೊತ್ತಿಗೆ ತನ್ನದೇ ಮಕ್ಕಳಿರಬಹುದು. 2025–26ಕ್ಕೆ ಅದು 10,050 ಡಾಲರ್.

ಕಟ್ಟಡದ ವಿಷಯ ಯಾಕೆ ಬಿಟ್ಟರು?

ಕ್ರಿಸ್‌ಮಸ್ ಹಿಂದಿನ ರಾತ್ರಿ ಎಷ್ಟು ಅಂತ ಮುಗಿಸುತ್ತಾರೆ? ನನ್ನ ಊಹೆ ಅಷ್ಟೆ. ಬಿಟ್ಟದ್ದರ ಫಲ ಮಾತ್ರ ಕಣ್ಣಿಗೆ ಕಾಣುತ್ತದೆ.

ಒಂದು ಲೆಕ್ಕ ಹಾಕಿ. ಒಂದು ಜಿಲ್ಲೆಯಲ್ಲಿ ಪ್ರತಿ ಮಗುವಿನ ಹಿಂದೆ 5 ಲಕ್ಷ ಡಾಲರ್ ತೆರಿಗೆ ಮೌಲ್ಯ ಇದೆ ಅನ್ನಿ. ಇನ್ನೊಂದರಲ್ಲಿ 1 ಲಕ್ಷ. ಒಂದು ಮಿಲ್ ಹಾಕಿದರೆ ಮೊದಲನೆಯದರಲ್ಲಿ ಮಗುವಿಗೆ 500 ಡಾಲರ್, ಎರಡನೆಯದರಲ್ಲಿ 100. ಮೊದಲನೇ ಊರು ಈಜುಕೊಳ ಕಟ್ಟುತ್ತದೆ. ಎರಡನೇ ಊರು ಸೋರುವ ಸೂರಿಗೆ ಐದು ಪಟ್ಟು ಮಿಲ್ ಕೇಳಬೇಕು. 1993ರ ಹಳೇ ಕಥೆಯೇ, ಈ ಸಲ ಸಿಮೆಂಟಿನಲ್ಲಿ. 2016ರ ಜನವರಿಯಲ್ಲಿ ಡೆಟ್ರಾಯಿಟ್‌ನ ಮೇಷ್ಟ್ರುಗಳು ಒಟ್ಟಿಗೆ ಸಿಕ್ ಲೀವ್ ಹಾಕಿ ಹತ್ತಾರು ಶಾಲೆ ಮುಚ್ಚಿಸಿದರು. ಅವರು ತೋರಿಸಿದ್ದು ಬೂಷ್ಟು ಹಿಡಿದ ಗೋಡೆ, ಇಲಿ, ಕೆಟ್ಟ ಹೀಟರ್.

ಮಕ್ಕಳ ದುಡ್ಡು ಸಮ ಮಾಡಿ ಗೋಡೆಯ ದುಡ್ಡು ಹಾಗೇ ಬಿಟ್ಟರೆ ಅರ್ಧ ಕೆಲಸ ಅನ್ನುವುದು ನನ್ನ ಅಭಿಪ್ರಾಯ. ಬೇರೆ ರಾಜ್ಯದವರು ಮಿಷಿಗನ್ ನೋಡಿ ಕಲಿಯುವುದಿದ್ದರೆ ಮೊದಲು ಇದನ್ನು ಕಲಿಯಲಿ.

ವ್ಯಾಪಾರ ಬಿದ್ದಾಗ ಶಾಲೆಗೆ ಏನಾಗುತ್ತೆ?

ಪೆಟ್ಟು ಬೀಳುತ್ತದೆ. ಮನೆ ಕಂದಾಯ ಎಮ್ಮೆ ಇದ್ದ ಹಾಗೆ, ನಿಧಾನ, ಆದರೆ ದಿನಾ ಹಾಲು. ಸೇಲ್ಸ್ ಟ್ಯಾಕ್ಸ್ ಮಳೆ ಇದ್ದ ಹಾಗೆ. 2008–09ರಲ್ಲಿ ಕಾರ್ ಕಂಪನಿಗಳೇ ಮುಳುಗಿದವು, ಯಾರೂ ಕಾರು ಕೊಳ್ಳಲಿಲ್ಲ, ರಾಜ್ಯ ಮಕ್ಕಳ ತಲಾ ಹಣ ಕಡಿಯಿತು. 2011ರಲ್ಲಿ ಮತ್ತೆ ಕಡಿಯಿತು. ಹಿಂದೆ ಆಗಿದ್ದರೆ ಊರಿನವರು ಸೇರಿ ಒಂದು ಮಿಲ್ ಜಾಸ್ತಿ ಹಾಕಿಕೊಂಡು ಮೇಷ್ಟ್ರನ್ನು ಉಳಿಸಿಕೊಳ್ಳಬಹುದಿತ್ತು. ಈಗ ಆ ದಾರಿ ಮುಚ್ಚಿದೆ. ದಿನನಿತ್ಯದ ಖರ್ಚಿಗೆ ಊರು ತಾನಾಗಿ ಹಣ ಎತ್ತುವ ಹಾಗಿಲ್ಲ, ರಾಜ್ಯದ ರಾಜಧಾನಿ ಲ್ಯಾನ್ಸಿಂಗ್ ಕಡೆ ಮುಖ ಮಾಡಿ ಕೂರಬೇಕು.

ಇನ್ನೊಂದು ಕೊರಗು ನಿಧಾನದ್ದು. ಜನ ಸಾಮಾನು ಕೊಳ್ಳುವುದು ಕಡಿಮೆಯಾಗಿ ಸೇವೆಗೆ ಖರ್ಚು ಜಾಸ್ತಿಯಾದಷ್ಟೂ ತೆರಿಗೆ ಜಾರುತ್ತದೆ. ಆಗಲೇ ಹೇಳಿದೆನಲ್ಲ, ಭರತನಾಟ್ಯದ ಫೀ. ಆನ್‌ಲೈನ್ ಖರೀದಿಯ ಸೋರಿಕೆ ಮಾತ್ರ 2018ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಬಹುಪಾಲು ನಿಂತಿತು.

ಅಕ್ಟೋಬರ್‌ನಲ್ಲಿ ಒಂದು ದಿನ ಶಾಲೆಯಲ್ಲಿ ಪಿಜ್ಜಾ ಕೊಡ್ತಾರೆ, ಮಗು ತಪ್ಪಿಸಬಾರದು ಅಂತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ! ಹಣ ಮಗುವಿನ ಜೊತೆ ಬರುತ್ತದೆ. ಎಷ್ಟು ಮಕ್ಕಳು ಅಂತ ಎಣಿಸುವ ಮುಖ್ಯ ದಿನ ಅಕ್ಟೋಬರ್‌ನ ಮೊದಲ ಬುಧವಾರ. ಒಂದು ತಲೆ ಅಂದರೆ ಹತ್ತು ಸಾವಿರ ಡಾಲರ್, ಪಿಜ್ಜಾ ಯಾವ ಲೆಕ್ಕ? ನಮ್ಮ ಮಗನ ಶಾಲೆಯಲ್ಲಿ ಆ ದಿನ ಪೈಜಾಮದಲ್ಲಿ ಬರಬಹುದು. ಮೂಗು ಸುರಿಯುತ್ತಿದ್ದರೂ ಅವನು ಹೊರಟೇ ಬಿಟ್ಟ.

ಇದರ ಕಹಿ ಮಗ್ಗುಲು ಊರು ಖಾಲಿಯಾಗುವ ಕಡೆ ಇದೆ. ಮಕ್ಕಳು ಪಕ್ಕದ ಜಿಲ್ಲೆಗೋ, ಸರ್ಕಾರಿ ದುಡ್ಡಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗೋ ಹೋದರೆ ಹಣವೂ ಹೋಗುತ್ತದೆ. ಬಸ್ಸು, ಬಾಯ್ಲರ್, ಹಳೇ ಸಾಲ ಅಲ್ಲೇ ಉಳಿಯುತ್ತವೆ. 2013ರಲ್ಲಿ ಇಂಕ್‌ಸ್ಟರ್ ಮತ್ತು ಬ್ಯೂನಾ ವಿಸ್ಟಾ ಅನ್ನುವ ಎರಡು ಜಿಲ್ಲೆಗಳನ್ನೇ ರಾಜ್ಯ ವಿಸರ್ಜಿಸಿತು.

ಸೇಲ್ಸ್ ಟ್ಯಾಕ್ಸ್ ಇನ್ನೊಂದು ಸೆಂಟ್ ಏರಿಸಿ ಮಿಕ್ಕ ಕಂದಾಯವನ್ನೂ ತೆಗೆಯಬಾರದಾ?

ಶೇ 6ರ ಮಿತಿ ಸಂವಿಧಾನದಲ್ಲಿದೆ, ಜನರನ್ನೇ ಕೇಳಬೇಕು. 2015ರ ಮೇಯಲ್ಲಿ ರಸ್ತೆಗೂ ಶಾಲೆಗೂ ಅಂತ ಶೇ 7 ಮಾಡಲು ಕೇಳಿದರು. ಐವರಲ್ಲಿ ನಾಲ್ವರು ಬೇಡ ಅಂದರು.

ಬೇರೆ ರಾಜ್ಯಗಳಲ್ಲಿ ಯಾರಾದರೂ ಮಾಡಿದ್ದಾರಾ?

ಅರ್ಧಂಬರ್ಧ ಮಾಡಿದವರು ಹಲವರು. ಐಡಾಹೊ 2006ರಲ್ಲಿ ಶಾಲೆ ನಡೆಸುವ ಕಂದಾಯ ತೆಗೆದು ಸೇಲ್ಸ್ ಟ್ಯಾಕ್ಸ್ ಶೇ 5ರಿಂದ 6 ಮಾಡಿತು. ಆಮೇಲೆ ಅಲ್ಲಿಯ ಜಿಲ್ಲೆಗಳು ಪೂರಕ ಲೆವಿ ಅಂತ ಅದೇ ಕಂದಾಯವನ್ನು ಹಿಂಬಾಗಿಲಿನಿಂದ ತಂದುಕೊಂಡವು. ಸೌತ್ ಕ್ಯಾರೊಲಿನಾ ಅದೇ ವರ್ಷ ಕಾನೂನು ಮಾಡಿ ಸ್ವಂತ ವಾಸದ ಮನೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಹೊರೆ ಅಂಗಡಿ ಮತ್ತು ಬಾಡಿಗೆ ಆಸ್ತಿಗಳ ಮೇಲೆ ಕೂತಿತು. ಇಂಡಿಯಾನದ ಸೇಲ್ಸ್ ಟ್ಯಾಕ್ಸ್ 2008ರಲ್ಲಿ ಶೇ 6ರಿಂದ 7ಕ್ಕೆ ಹೋಯಿತು.

ಪೂರ್ತಿ ತೆಗೆಯಲು ಜೋರಾಗಿ ಹೊರಟದ್ದು ಪೆನ್ಸಿಲ್ವೇನಿಯಾ. ಅಲ್ಲಿ 500 ಶಾಲಾ ಜಿಲ್ಲೆಗಳಿವೆ. ಯೋಜನೆ ಹೀಗಿತ್ತು: ಸೇಲ್ಸ್ ಟ್ಯಾಕ್ಸ್ ಶೇ 7, ಜೊತೆಗೆ ಹಿಂದೆ ತೆರಿಗೆ ಇಲ್ಲದ ಎಷ್ಟೋ ಸಾಮಾನು, ಸೇವೆಗಳಿಗೆ ಹೊಸ ತೆರಿಗೆ, ಆದಾಯ ತೆರಿಗೆಯೂ ಏರಿಕೆ. ಅಷ್ಟು ಮಾಡಿದರೂ ಹಳೇ ಕಟ್ಟಡ ಸಾಲ ತೀರುವ ತನಕ ಕಂದಾಯ ಉಳಿಯುತ್ತಿತ್ತು. 2015ರ ನವೆಂಬರ್‌ನಲ್ಲಿ ಸೆನೆಟ್‌ನಲ್ಲಿ 24–24 ಸಮ ಬಿತ್ತು. ಲೆಫ್ಟಿನೆಂಟ್ ಗವರ್ನರ್ ಮೈಕ್ ಸ್ಟ್ಯಾಕ್ ಬೇಡ ಅಂತ ಮತ ಹಾಕಿ ಕೆಡವಿದರು. ಒಂದೇ ಒಂದು ಮತ.

ನಮ್ಮ ಜಿಎಸ್‌ಟಿಯಲ್ಲಿ ಶಾಲೆಗೆ ಹೀಗೆ ಪಾಲು ಇದೆಯಾ?

ಹೀಗೆ ಬರೆದಿಟ್ಟ ಪಾಲು ಇಲ್ಲ. ಜಿಎಸ್‌ಟಿ ದುಡ್ಡು ಸರ್ಕಾರಗಳ ಸಾಮಾನ್ಯ ಖಜಾನೆಗೆ ಹೋಗುತ್ತದೆ. ಶಿಕ್ಷಣದ ಹೆಸರು ಹೊತ್ತಿರುವುದು ಆದಾಯ ತೆರಿಗೆಯ ಮೇಲಿನ ಸೆಸ್. 2004ರಲ್ಲಿ ಶೇ 2 ಅಂತ ಶುರುವಾಗಿ, 2018ರಿಂದ ಆರೋಗ್ಯವನ್ನೂ ಸೇರಿಸಿ ಶೇ 4 ಆಗಿದೆ. ಊರಿನಲ್ಲಿ ಅಣ್ಣನಿಗೆ ಇಲ್ಲಿಯ ಪದ್ಧತಿ ವಿವರಿಸಿದೆ. "ಕಾರು ಕೊಂಡ ದುಡ್ಡಲ್ಲಿ ಇಷ್ಟು ನಮ್ಮೂರ ಶಾಲೆಗೆ ಹೋಗುತ್ತೆ ಅಂತ ಬರೆದಿಟ್ಟಿದ್ದಾರಾ? ಹಾಗಾದರೆ ಕೊಡಬಹುದು ಬಿಡು" ಅಂದ.

ಹಾಗೆ ಬರೆದಿಟ್ಟದ್ದೂ ಅಷ್ಟು ಗಟ್ಟಿಯಲ್ಲ ಅಂತ ಅವನಿಗೆ ಹೇಳಲಿಲ್ಲ. ಇಲ್ಲಿಯ ಶಾಲಾ ನಿಧಿಯಿಂದ ಕೆಲವು ವರ್ಷಗಳಿಂದ ಕಾಲೇಜು, ವಿಶ್ವವಿದ್ಯಾಲಯಗಳಿಗೂ ಹಣ ಕೊಡುತ್ತಿದ್ದಾರೆ. ಅವೂ ಶಿಕ್ಷಣವೇ ತಾನೇ ಅನ್ನುವ ವಾದ.

ಸರಿ, ಈ ಸಲ ಬಿಲ್ ಬಂದಾಗ ಏನು ನೋಡಲಿ?

ಮೂರು ಸಾಲು. ಮೊದಲು, ವಾಸದ ಮನೆಯ ವಿನಾಯಿತಿ ಶೇ 100 ಅಂತ ಇದೆಯಾ ನೋಡಿ. 0 ಅಂತ ಇದ್ದರೆ ಬೇರೆ ಕೆಲಸ ಬಿಟ್ಟು ಟೌನ್‌ಶಿಪ್ ಆಫೀಸಿಗೆ ಫೋನ್ ಮಾಡಿ. ಆಮೇಲೆ ರಾಜ್ಯ ಶಿಕ್ಷಣ ತೆರಿಗೆ 6.0000 ಅನ್ನುವ ಸಾಲು, ಅದು ಎಲ್ಲರಿಗೂ ಒಂದೇ. ಕೊನೆಗೆ ಶಾಲಾ ಸಾಲದ ಸಾಲು. ಊರಿಂದ ಊರಿಗೆ ನಿಜವಾಗಿ ಬದಲಾಗುವುದು ಅದು. ನಮ್ಮ ಊರಲ್ಲಿ ನವೆಂಬರ್‌ಗೆ ಹೊಸ ಬಾಂಡ್, ಅಂದರೆ ಇಂಥದೇ ಶಾಲಾ ಸಾಲ, ಮತಕ್ಕೆ ಬರುತ್ತಿದೆ, ಎರಡು ಶಾಲೆಗಳ ಸೂರು ಬದಲಿಸಲು. ನಾನು ಹೌದು ಅನ್ನುವವನು. ಪಕ್ಕದ ಮನೆ ಅಜ್ಜ ಇನ್ನೂ ಏನೂ ಹೇಳಿಲ್ಲ.